ಕಳ್ಳ ಉಸಿರು

ಸ್ವಾರ್ಥ ಕೆಟ್ಟದ್ದು ಅಂತ ಗೊತ್ತಿಲ್ಲದವರು ಯಾರಿದ್ದಾರೆ ಹೇಳಿ? ಶಾಲೆಯ ಗೋಡೆಯಲ್ಲಿ ಬರೆದಿರ್ತದೆ, ಲಾರಿಯ ಹಿಂದೆ ಬರೆದಿರ್ತದೆ, ನಮ್ಮ ಚರ್ಚಿನ ಪ್ರಸಂಗದಲ್ಲಂತೂ ತಿಂಗಳಿಗೆ ಎರಡು ಸಲವಾದ್ರೂ ಬಂದೇ ಬರ್ತದೆ. ಕೇಳುವಾಗ ಎಲ್ಲರೂ ತಲೆ ಅಲ್ಲಾಡಿಸ್ತೇವೆ. ಆರಾಧನೆ ಮುಗಿದು ಹೊರಗೆ ಬಂದು, ನಮ್ಮ ಸ್ಕೂಟರಿಗೆ ಅಡ್ಡವಾಗಿ ಕಾರು ನಿಲ್ಲಿಸಿದ್ದು ಯಾರು ಅಂತ ಹುಡುಕುವಷ್ಟರಲ್ಲಿ ಪ್ರಸಂಗ ಅರ್ಧ ಮರೆತಿರ್ತದೆ. ಹಾಗಾಗಿ ಇಲ್ಲಿ ಇನ್ನೊಂದು ಪ್ರಸಂಗ ಮಾಡುವ ಉದ್ದೇಶ ನನಗಿಲ್ಲ. ನನಗೆ ಚೆನ್ನಾಗಿ ಪರಿಚಯ ಇರುವ ಒಂದೇ ಒಂದು ಸ್ವಾರ್ಥದ ಬಗ್ಗೆ, ಅದನ್ನ ಪಳಗಿಸ್ಲಿಕ್ಕೆ ನಾವು ಒಂದಿಪ್ಪತ್ತು ಜನ ಸೇರಿ ಪ್ರತಿ ಶನಿವಾರ ಏನು ಮಾಡ್ತೇವೆ ಅನ್ನುವುದರ ಬಗ್ಗೆ ಬರೀತೇನೆ. ಹಾಡುವವನ ಸ್ವಾರ್ಥ ಅದು. ನನ್ನ ದನಿ ಕೇಳಿಸ್ಬೇಕು, ಅದು ನಂದೇ ಅಂತ ಗೊತ್ತಾಗ್ಬೇಕು ಅನ್ನುವ ಆಸೆ.

ನಾನು ಕರಾವಳಿಯ ಒಂದು ಕನ್ನಡ ಚರ್ಚಿನ ಕ್ವಾಯರಿನಲ್ಲಿ ಟೆನರ್ ಹಾಡುವವ. ಕ್ವಾಯರ್ ಅಂದ್ರೆ ಗಾಯಕವೃಂದ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ್ರಲ್ಲ, ನಿಮಗೆ ಅವರು ಗೊತ್ತಿರುವುದು 1843ರ 'ಮಂಗಳೂರ ಸಮಾಚಾರ'ದಿಂದ, 1894ರ ಕಿಟ್ಟೆಲ್ ನಿಘಂಟಿನಿಂದ, ಇಲ್ಲದಿದ್ರೆ ಅಜ್ಜನ ಮನೆಯ ಹೆಂಚಿನಿಂದ. ನಮಗೆ ಅವರು ಬಿಟ್ಟುಹೋದ ಇನ್ನೊಂದು ಆಸ್ತಿ ಹಾಡು. ಧಾಟಿ ಜರ್ಮನಿಯದ್ದು, ಮಾತು ಕನ್ನಡದ್ದು. (ಎಷ್ಟೋ ಕಡೆ ಹ್ರಸ್ವ ಇರಬೇಕಾದಲ್ಲಿ ಧಾಟಿ ಎಳೀತದೆ, ದೀರ್ಘ ಇರಬೇಕಾದಲ್ಲಿ ಓಡ್ತದೆ. ಕನ್ನಡ ಪಂಡಿತರು ಕೇಳಿದ್ರೆ ಕಿವಿ ಮುಚ್ಚಿಕೊಂಡಾರು. ನಮಗೆ ಹುಟ್ಟಿನಿಂದಲೇ ಅಭ್ಯಾಸ.) ಇಂಥ ಹಾಡುಗಳನ್ನ ಕ್ವಾಯರಿನವರು ನಾಲ್ಕು ದನಿಗಳಲ್ಲಿ ಹಾಡ್ತೇವೆ. ಹೆಂಗಸರಲ್ಲಿ ಮೇಲಿನ ದನಿ ಸೊಪ್ರಾನೊ, ಕೆಳಗಿನದು ಆಲ್ಟೊ. ಗಂಡಸರಲ್ಲಿ ಮೇಲಿನದು ಟೆನರ್, ಕೆಳಗಿನದು ಬೇಸ್. ನಾಲ್ಕು ಗುಂಪಿಗೂ ಬೇರೆ ಬೇರೆ ಸ್ವರ, ಆದ್ರೆ ಮಾತು ಒಂದೇ, ಹೊತ್ತು ಒಂದೇ. ಕಛೇರಿ ಕೇಳಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸ್ಬಹುದು. ಅಲ್ಲಿ ಒಬ್ಬ ಗಾಯಕ ನಡುವೆ ಕೂತಿರ್ತಾನೆ, ಮಿಕ್ಕವರು ಅವನನ್ನ ಅನುಸರಿಸ್ತಾರೆ. ಇಲ್ಲಿ ನಡುವೆ ಯಾರೂ ಇಲ್ಲ.

ಇಲ್ಲ ಅಂತ ಹೇಳುವುದು ಸುಲಭ. ನಿಜ ಹೇಳ್ಬೇಕಂದ್ರೆ ಸೊಪ್ರಾನೊದವರಿಗೆ ಹಾಡಿನ ಮುಖ್ಯ ಧಾಟಿ ಸಿಗ್ತದೆ, ಸಭೆಯವರು ಮನೆಗೆ ಹೋಗುವಾಗ ಗುನುಗುವುದು ಅದನ್ನೇ. ಬೇಸ್‌ನವರು ಗುಡುಗಿದ್ರೆ ಕಿಟಕಿ ನಡುಗ್ತದೆ, ಅದಕ್ಕೊಂದು ಗೌರವ ಉಂಟು. ಟೆನರಿಗೆ ಆಗಾಗ ಮೇಲೆ ಹತ್ತಿ ಮೆರೆಯುವ ಒಂದೆರಡು ಜಾಗ ಇರ್ತದೆ. ಆಲ್ಟೊಗೆ? ಪಾಪ, ಏನೂ ಇಲ್ಲ. ಎಷ್ಟೋ ಹಾಡುಗಳಲ್ಲಿ ಅವರು ಒಂದೇ ಸ್ವರಕ್ಕೆ ಅಂಟಿಕೊಂಡು, ಮಧ್ಯೆ ಒಮ್ಮೆ ಒಂದು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಅಲ್ಲೇ ನಿಲ್ತಾರೆ. ನಮ್ಮಲ್ಲಿ ಒಬ್ಬರು ಆಂಟಿ ಇದ್ದಾರೆ, ರಿಟೈರ್ಡ್ ಟೀಚರ್. ನಲವತ್ತು ವರ್ಷಕ್ಕಿಂತ ಜಾಸ್ತಿ ಆಲ್ಟೊ ಹಾಡಿದ್ದಾರೆ. ಅವರ ದನಿ ಹೇಗುಂಟು ಅಂತ ಕೇಳಿದ್ರೆ ಸಭೆಯಲ್ಲಿ ಯಾರೂ ಹೇಳಲಾರರು. ಒಮ್ಮೆ ಮಂಡಿ ಆಪರೇಶನ್ ಆಗಿ ಎರಡು ತಿಂಗಳು ಬರಲಿಲ್ಲ. ಆವಾಗ ಜನ ಬಂದು "ಏನೋ, ಕ್ವಾಯರ್ ಈಗ ಒಂಥರಾ ಸಪ್ಪೆ ಆಗಿದೆಯಲ್ಲ" ಅಂದ್ರು. ಯಾರು ಇಲ್ಲದ್ದರಿಂದ ಸಪ್ಪೆ ಅಂತ ಅವರಿಗೆ ಗೊತ್ತಾಗಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದ್ರೆ ಕೂಡಲೇ ಗೊತ್ತಾಗ್ತದೆ, ಆಲ್ಟೊದ್ದು ಹಾಗೂ ಅಲ್ಲ.

ನಮ್ಮನ್ನ ಹಾಡಿಸುವವರು ಒಬ್ಬರು ಹಳೇ ಹೈಸ್ಕೂಲ್ ಮಾಸ್ಟ್ರು. ಅವರು ಧರ್ಮೋಪದೇಶ ಮಾಡುವುದಿಲ್ಲ, ಅದು ಅಯ್ಯನವರ ಕೆಲಸ ಅಂತಾರೆ. ಅವರದ್ದು ಎರಡೇ ನಿಯಮ. ಮೊದಲನೆಯದು, ಪಕ್ಕದವನ ದನಿ ನಿನಗೆ ಕೇಳಿಸ್ತಾ ಇಲ್ಲ ಅಂದ್ರೆ ನೀನು ಜೋರಾಗಿ ಹಾಡ್ತಾ ಇದ್ದೀ ಅಂತ ಅರ್ಥ. ಎಷ್ಟು ಸರಳ ನೋಡಿ. "ಅಹಂಕಾರ ಬಿಡು" ಅಂದ್ರೆ ಎಲ್ಲಿಂದ ಬಿಡುವುದು, ಹೇಗೆ ಬಿಡುವುದು ಅಂತ ತಿಳಿಯುವುದಿಲ್ಲ. "ಪಕ್ಕದವನು ಕೇಳಿಸ್ತಾನಾ ನೋಡು" ಅಂದ್ರೆ ಕಿವಿಗೆ ಒಂದು ಕೆಲಸ ಸಿಗ್ತದೆ. ಕಿವಿ ಕೆಲಸದಲ್ಲಿದ್ದಾಗ ಅಹಂಕಾರಕ್ಕೆ ಸ್ವಲ್ಪ ಪುರುಸೊತ್ತು ಕಡಿಮೆ.

ಎರಡನೆಯದು ಕಳ್ಳ ಉಸಿರು. ಹಾಡಿನ ಕೊನೆಯ ಆಮೆನ್ ಇರ್ತದಲ್ಲ, ಅದನ್ನ ಕೆಲವು ಸಲ ಹತ್ತು ಹನ್ನೆರಡು ಎಣಿಕೆಯವರೆಗೆ ಎಳೀಬೇಕು. ಅಷ್ಟುದ್ದ ಉಸಿರು ನಮ್ಮಲ್ಲಿ ಯಾರಿಗೂ ಇಲ್ಲ. ಎಲ್ಲರೂ ಒಟ್ಟಿಗೆ ಉಸಿರು ತಗೊಂಡ್ರೆ ಹಾಡು ಹರಿದು ಹೋಗ್ತದೆ. ಹಾಗಾಗಿ ಒಬ್ಬೊಬ್ಬರು ಒಂದೊಂದು ಹೊತ್ತಿನಲ್ಲಿ ಮೆಲ್ಲಗೆ ಬಿಟ್ಟು, ಉಸಿರು ತಗೊಂಡು, ಮತ್ತೆ ಮೆಲ್ಲಗೆ ಒಳಗೆ ಸೇರಬೇಕು. ಬಿಡುವುದೂ ಗೊತ್ತಾಗಬಾರದು, ಸೇರುವುದೂ ಗೊತ್ತಾಗಬಾರದು. ಪಕ್ಕದವನು ಬಿಟ್ಟಿದ್ದಾನೆ ಅಂತ ತಿಳಿದ ಕೂಡಲೇ ನೀನು ಬಿಡಬಾರದು, ಅವನು ಬರುವವರೆಗೆ ಹಿಡಿದಿರಬೇಕು. ಇದನ್ನ ಎಲ್ಲ ದೇಶದ ಕ್ವಾಯರಿನವರೂ ಮಾಡ್ತಾರೆ, ನಮ್ಮ ಮಾಸ್ಟ್ರು ಇಟ್ಟ ಹೆಸರು ಮಾತ್ರ ಕಳ್ಳ ಉಸಿರು. ಕೆಳಗೆ ಕೂತವರಿಗೆ ಒಂದೇ ಉದ್ದದ, ಯಾವ ಮನುಷ್ಯನ ಶ್ವಾಸಕೋಶಕ್ಕೂ ಸಾಧ್ಯವಿಲ್ಲದ ಸ್ವರ ಕೇಳ್ತದೆ. ಅದು ಯಾರದ್ದೂ ಅಲ್ಲ.

ಇದರಲ್ಲಿ ನನಗೆ ಇಷ್ಟವಾದದ್ದು ಏನಂದ್ರೆ, ಇಲ್ಲಿ ಯಾರೂ ನಿನಗೆ ಉಸಿರು ಬೇಡ ಅನ್ನುವುದಿಲ್ಲ. ಉಸಿರಿನ ಆಸೆ ಪಾಪ ಅನ್ನುವುದಿಲ್ಲ. ತಗೋ, ಆದ್ರೆ ಪಕ್ಕದವನು ತಗೊಳ್ಳುವಾಗ ಅಲ್ಲ, ಅಷ್ಟೇ.

ಸತ್ಯವೇದ ಓದುವಾಗ ಇದೇ ಬುದ್ಧಿವಂತಿಕೆ ನನಗೆ ಪೌಲನಲ್ಲಿ ಸಿಕ್ಕಿತು. ಕ್ರಿ.ಶ. 55ರ ಆಸುಪಾಸಿನಲ್ಲಿ ಕೊರಿಂಥದ ಸಭೆಗೆ ಅವನು ಬರೆದ ಮೊದಲನೇ ಪತ್ರದ 11ನೇ ಅಧ್ಯಾಯದಲ್ಲಿ ಒಂದು ಊಟದ ಗಲಾಟೆ ಬರ್ತದೆ. ಆಗ ಕರ್ತನ ಭೋಜನ ಅಂದ್ರೆ ಈಗಿನ ಹಾಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ಅಲ್ಲ. ಅದರ ಜೊತೆಗೆ ನಿಜವಾದ ಊಟವೇ ಇರ್ತಿತ್ತು. ಕೈಯಲ್ಲಿ ಕಾಸು ಇದ್ದವರು ತಮ್ಮ ಬುತ್ತಿ ತಂದು ಮೊದಲೇ ಉಣ್ಣುತ್ತಿದ್ರು, ಕುಡಿದು ಮತ್ತರೂ ಆಗ್ತಿದ್ರು. ಏನೂ ಇಲ್ಲದವರಿಗೆ ಹಸಿದ ಹೊಟ್ಟೆ. ಕೂಲಿಯಾಳುಗಳು, ದಾಸರು ಕೆಲಸ ಮುಗಿಸಿ ಬರುವಷ್ಟರಲ್ಲಿ ಊಟ ಖಾಲಿ ಆಗಿರ್ತಿತ್ತು ಅಂತ ಪಂಡಿತರು ಊಹಿಸ್ತಾರೆ. ಪೌಲನಿಗೆ ಸಿಟ್ಟು ಬಂದಿದೆ, ಅದು ಓದುವಾಗಲೇ ಗೊತ್ತಾಗ್ತದೆ. ಆದ್ರೆ ಕೊನೆಗೆ ಅವನು ಕೊಡುವ ಪರಿಹಾರ ಏನು ಗೊತ್ತುಂಟಾ? ಉಪವಾಸ ಮಾಡಿ ಅನ್ನುವುದಿಲ್ಲ. ಆಸೆಯನ್ನು ಬೇರು ಸಮೇತ ಕಿತ್ತುಹಾಕಿ ಅನ್ನುವುದಿಲ್ಲ. ಒಬ್ಬರಿಗಾಗಿ ಒಬ್ಬರು ಕಾಯಬೇಕು ಅಂತಾನೆ, ಕಾಯಲಿಕ್ಕೆ ಆಗದಷ್ಟು ಹಸಿವು ಇರುವವನು ಮನೆಯಲ್ಲಿ ಉಂಡೇ ಬರಲಿ ಅಂತಾನೆ.

ಇಂಥ ಲೋಕಾರೂಢಿಯ ಮಾತು ಧರ್ಮಗ್ರಂಥದಲ್ಲಿ ಇದೆಯಲ್ಲ ಅಂತ ನನಗೆ ಮೊದಲ ಸಲ ನಗು ಬಂದಿತ್ತು. ನಮ್ಮ ಮನೆಗಳಲ್ಲಿ ಮದುವೆಗೆ ಹೊರಡುವ ಮುಂಚೆ ಮಕ್ಕಳಿಗೆ ಅಮ್ಮಂದಿರು ಮಾಡುವುದೂ ಅದೇ ಅಲ್ವಾ? ಎರಡು ದೋಸೆ ತಿನ್ನಿಸಿ ಕರ್ಕೊಂಡು ಹೋಗ್ತಾರೆ, ಅಲ್ಲಿ ಪಂಕ್ತಿಗೆ ನುಗ್ಗಬಾರದು ಅಂತ. ಹಸಿವು ಇರುವುದೇ ಇಲ್ಲ ಅಂತ ನಟಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಯೇಸುವಿನ ಶಿಷ್ಯರೇ ಏನು ಕಡಿಮೆ ಇರಲಿಲ್ಲ. ಯಾಕೋಬ, ಯೋಹಾನ ಅಂತ ಅಣ್ಣ ತಮ್ಮ, ನಿನ್ನ ರಾಜ್ಯ ಬಂದಾಗ ಬಲಗಡೆಯ ಸೀಟು ಒಬ್ಬನಿಗೆ, ಎಡಗಡೆಯದ್ದು ಇನ್ನೊಬ್ಬನಿಗೆ ಇರಲಿ ಅಂತ ಮುಂಗಡ ಬುಕ್ಕಿಂಗ್ ಮಾಡ್ಲಿಕ್ಕೆ ಹೋದವರು. ಮಾರ್ಕನ ಪ್ರಕಾರ ಅವರೇ ಕೇಳಿದ್ದು. ಮತ್ತಾಯನ ಪ್ರಕಾರ ಅಮ್ಮನನ್ನ ಮುಂದೆ ಮಾಡಿ ಕೇಳಿದ್ದು! ಉಳಿದ ಹತ್ತು ಜನರಿಗೆ ಇದು ತಿಳಿದು ಸಿಟ್ಟು ಬಂತಂತೆ. ಯಾಕೆ ಸಿಟ್ಟು? ನನ್ನ ಅನುಮಾನ, ಅವರೂ ಅದೇ ಸೀಟಿನ ಮೇಲೆ ಕಣ್ಣಿಟ್ಟಿದ್ರು. ಯೇಸು ಅಲ್ಲಿ ದೊಡ್ಡವರಾಗುವ ಆಸೆಯನ್ನ ಬೈಯುವುದಿಲ್ಲ. ದೊಡ್ಡವನಾಗಬೇಕಾ, ಹಾಗಾದ್ರೆ ಸೇವಕನಾಗು ಅಂತ ಆಸೆಯ ಮುಖವನ್ನ ಬೇರೆ ಕಡೆ ತಿರುಗಿಸಿಬಿಡ್ತಾನೆ. ಫಿಲಿಪ್ಪಿಯ ಸಭೆಗೆ ಬರೆದ ಪತ್ರದಲ್ಲಿ ಪೌಲ ದೀನತೆಯ ಬಗ್ಗೆ ಅಷ್ಟು ಚಂದ ಬರೆದು, ಕೊನೆಗೆ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರ ಹೆಸರು ಹಿಡಿದು ಒಂದೇ ಮನಸ್ಸಿನಿಂದಿರಿ ಅಂತ ಬೇಡಿಕೊಳ್ತಾನೆ. ಯಾಕೆ ಅವರ ನಡುವೆ ಮನಸ್ತಾಪ ಅಂತ ಬರೆದಿಲ್ಲ. "ಇಬ್ಬರೂ ಸೊಪ್ರಾನೊ ಇದ್ದಿರ್ಬೇಕು" ಅನ್ನುವುದು ನಮ್ಮ ಆಲ್ಟೊ ಆಂಟಿಯ ವ್ಯಾಖ್ಯಾನ :-)

ಹಾಡು ಮತ್ತು ಅಹಂಕಾರ ಇವೆರಡನ್ನ ಒಟ್ಟಿಗೆ ಇಟ್ಟು ಬರೆದವರಲ್ಲಿ ನನಗೆ ಗೊತ್ತಿರುವ ಒಬ್ಬರು ಡೀಟ್ರಿಶ್ ಬಾನ್‌ಹೋಫರ್. ಜರ್ಮನಿಯ ಪಾದ್ರಿ, ಹಿಟ್ಲರನನ್ನ ಎದುರಿಸಿದವರು. 1935ರಲ್ಲಿ ಫಿಂಕೆನ್‌ವಾಲ್ಡೆ ಅನ್ನುವಲ್ಲಿ ಪಾದ್ರಿಯಾಗುವ ಹುಡುಗರಿಗಾಗಿ ಒಂದು ಶಾಲೆ ನಡೆಸಿದ್ರು. ಒಟ್ಟಿಗೆ ಊಟ, ಒಟ್ಟಿಗೆ ಪ್ರಾರ್ಥನೆ, ಒಟ್ಟಿಗೆ ಹಾಡು. (ಅದಕ್ಕೂ ಮುಂಚೆ ಅವರಿಗೆ ಗಾಂಧೀಜಿಯ ಆಶ್ರಮಕ್ಕೆ ಬಂದು ಇದ್ದು ಕಲಿಯುವ ಆಸೆ ಇತ್ತು. 1934ರಲ್ಲಿ ಗಾಂಧೀಜಿ ಬನ್ನಿ ಅಂತ ಕಾಗದವನ್ನೂ ಬರೆದಿದ್ರು. ಬರಲಿಕ್ಕೆ ಆಗಲಿಲ್ಲ.) 1937ರಲ್ಲಿ ಗೆಸ್ಟಾಪೊದವರು ಆ ಶಾಲೆ ಮುಚ್ಚಿಸಿದ್ರು. ಅಲ್ಲಿನ ಅನುಭವದಿಂದ 1939ರಲ್ಲಿ ಬಂದ ಸಣ್ಣ ಪುಸ್ತಕ ಇಂಗ್ಲಿಷಿನಲ್ಲಿ 'ಲೈಫ್ ಟುಗೆದರ್' ಅಂತ ಸಿಗ್ತದೆ. ಒಟ್ಟಿಗೆ ಬದುಕುವುದರ ಬಗ್ಗೆ ಬರೀತಾ ಬರೀತಾ ಅವರು ಕ್ವಾಯರಿನಂಥವರನ್ನ ಹಿಡಿದು ಝಾಡಿಸಿದ್ದಾರೆ. ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುವಾಗ ತನ್ನದೇ ಎರಡನೇ ದನಿ ಸೇರಿಸುವವನು, ತನ್ನ ಬೇಸ್ ಎಷ್ಟು ಕೆಳಗೆ ಇಳೀತದೆ ಅಂತ ತೋರಿಸುವವನು, ಎದೆಯುಬ್ಬಿಸಿ ಎಲ್ಲರನ್ನೂ ಮುಳುಗಿಸುವವನು, ಇವರೆಲ್ಲ ಹಾಡಿನ ಶತ್ರುಗಳು ಅಂತ. ಅಷ್ಟಕ್ಕೇ ಬಿಟ್ಟಿದ್ರೆ ನಾನು ಆ ಪುಸ್ತಕ ಮುಚ್ಚಿಡ್ತಿದ್ದೆನೋ ಏನೋ. ಆದ್ರೆ ಅವರು ಇನ್ನೂ ಒಬ್ಬನನ್ನ ಅದೇ ಪಟ್ಟಿಗೆ ಸೇರಿಸಿದ್ದಾರೆ, ಮೂಡ್ ಸರಿಯಿಲ್ಲ ಅಂತ ಬಾಯಿ ಮುಚ್ಚಿ ಕೂತವನನ್ನ. ಜೋರಾಗಿ ಹಾಡುವವನೂ ಹಾಡದೇ ಇರುವವನೂ ಒಂದೇ ಜಾತಿ! ಇಬ್ಬರಿಗೂ ಮುಖ್ಯ ತಮ್ಮ ದನಿಯೇ. ಈ ಮಾತು ನನ್ನನ್ನ ಇವತ್ತಿಗೂ ಬಿಟ್ಟಿಲ್ಲ. 1945ರ ಏಪ್ರಿಲ್ 9ರಂದು ಅವರನ್ನ ನೇಣಿಗೆ ಹಾಕಿದ್ರು. ಆಗ ಅವರಿಗೆ 39 ವರ್ಷ.

ಇಲ್ಲಿಗೆ ಬಂದಾಗ ಒಂದು ತಕರಾರು ಎತ್ತದೇ ಹೋದ್ರೆ ನಾನು ಪ್ರಾಮಾಣಿಕನಲ್ಲ. 'ನಾನು' ಬಿಟ್ಟು 'ನಾವು' ಆಗಿ ಅಂತ ಕಂಪೆನಿಗಳಲ್ಲೂ ಹೇಳ್ತಾರೆ, ಕ್ರಿಕೆಟ್ ಟೀಮಿನಲ್ಲೂ ಹೇಳ್ತಾರೆ, ಚರ್ಚಿನಲ್ಲೂ ಹೇಳ್ತೇವೆ. ಆದ್ರೆ ಈ 'ನಾವು' ಅನ್ನುವುದು ಎಷ್ಟೋ ಸಲ ದಪ್ಪ ಅಕ್ಷರದ 'ನಾನು' ಆಗಿರ್ತದೆ. ಡಿಸೆಂಬರಿನ ಕ್ಯಾರಲ್ ಸ್ಪರ್ಧೆಗೆ ಹೋಗಿ ನೋಡಿ. ಒಳಗೆ ಒಬ್ಬರಿಗೊಬ್ಬರು ಉಸಿರು ಕೊಡುವ ಅದೇ ಕ್ವಾಯರ್, ಇನ್ನೊಂದು ಚರ್ಚಿನವರ ಶ್ರುತಿ ಜಾರಿದ್ರೆ ಒಳಗೊಳಗೇ ಖುಷಿ ಪಡ್ತದೆ. ರೈನ್‌ಹೋಲ್ಡ್ ನೀಬರ್ ಅನ್ನುವ ಅಮೆರಿಕದ ದೇವಶಾಸ್ತ್ರಜ್ಞರು 1932ರಲ್ಲೇ ಇದರ ಮೇಲೆ ಒಂದು ಪುಸ್ತಕ ಬರೆದ್ರು. ಒಬ್ಬೊಬ್ಬನೇ ಇದ್ದಾಗ ಮನುಷ್ಯ ತನ್ನ ಸ್ವಾರ್ಥವನ್ನ ಅಷ್ಟೋ ಇಷ್ಟೋ ತಡೀತಾನೆ, ಗುಂಪು ಸೇರಿದಾಗ ಅದೇ ಸ್ವಾರ್ಥ ಲಂಗುಲಗಾಮಿಲ್ಲದೆ ಬೆಳೀತದೆ, ಜೊತೆಗೆ ಅದಕ್ಕೆ ತ್ಯಾಗ ಅನ್ನುವ ಹೆಸರೂ ಸಿಗ್ತದೆ ಅಂತ ಅದರ ವಾದದ ಸಾರ. ಜಾತಿ, ಪಕ್ಷ, ಭಾಷೆ, ಪಂಗಡ, ಯಾವುದಕ್ಕೆ ಬೇಕಾದ್ರೂ ಹಚ್ಚಿ ನೋಡಬಹುದು.

ಇನ್ನೊಂದು ತಕರಾರು ಇದಕ್ಕಿಂತ ಹತ್ತಿರದ್ದು. ತಂಡಕ್ಕಾಗಿ ಬಿಟ್ಟುಕೊಡಬೇಕು ಅಂತ ಹೇಳುವಾಗ ಬಿಟ್ಟುಕೊಡುವವರು ಯಾವಾಗಲೂ ಅವರೇ ಯಾಕೆ? ಪ್ರ್ಯಾಕ್ಟೀಸಿನ ನಡುವೆ ಚಹಾ ಮಾಡುವುದು, ಆಮೇಲೆ ಲೋಟ ತೊಳೆಯುವುದು, ಕುರ್ಚಿ ಮಡಚಿ ಇಡುವುದು, ಇದಕ್ಕೆಲ್ಲ ಏಳುವವರು ಆ ನಾಲ್ಕೈದು ಜನವೇ, ಹೆಚ್ಚಿನವರು ಆಲ್ಟೊ. ದೀನತೆಯ ಪ್ರಸಂಗವನ್ನ ಅತ್ಯಂತ ಗಮನ ಇಟ್ಟು ಕೇಳುವವರೂ ಅವರೇ. ಯಾರಿಗೆ ಅದು ಬೇಕೋ ಅವರು ಗಡಿಯಾರ ನೋಡ್ತಾ ಇರ್ತಾರೆ. ಇದನ್ನ ನಾನು ಮಾಸ್ಟ್ರ ಹತ್ತಿರ ಹೇಳಿದ್ದುಂಟು. ಅವರು ಆವತ್ತು ಏನೂ ಅನ್ನಲಿಲ್ಲ. ಮುಂದಿನ ಶನಿವಾರ ಬಂದು, ಇನ್ನು ಮೇಲೆ ಯಾರು ಸೋಲೋ ಹಾಡ್ತಾರೋ ಅವತ್ತು ಲೋಟ ತೊಳೆಯುವ ಕೆಲಸ ಅವರದ್ದು ಅಂದ್ರು. ಯೇಸು ಶಿಷ್ಯರ ಕಾಲು ತೊಳೆದದ್ದಕ್ಕೂ ಇದಕ್ಕೂ ಸಂಬಂಧ ಉಂಟಾ ಅಂತ ಯಾರೋ ಕೇಳಿದ್ರು. "ಸಂಬಂಧ ಎಲ್ಲ ಗೊತ್ತಿಲ್ಲ, ಲೋಟ ಕ್ಲೀನ್ ಆಗ್ಬೇಕು" ಅಂದ್ರು.

ಸೋಲೋ ಅಂದ್ರೆ ಒಬ್ಬರೇ ಹಾಡುವ ಭಾಗ. ಕ್ವಾಯರಿನ ಅಷ್ಟೂ ಕಳ್ಳ ಉಸಿರಿನ ಪಾಠ ಆವಿಯಾಗಿ ಹೋಗುವುದು ಈ ಒಂದು ಶಬ್ದದಲ್ಲಿ. ನಮ್ಮಲ್ಲಿ ಕ್ರಿಸ್ಮಸ್‌ಗೆ ಮುಂಚಿನ ಕ್ಯಾರಲ್ ಆರಾಧನೆ ಇಂಗ್ಲೆಂಡಿನ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪದ್ಧತಿಯಲ್ಲಿ ನಡೀತದೆ. ಅಲ್ಲಿ 1918ರಲ್ಲಿ ಶುರುವಾದದ್ದು, 1919ರಿಂದ ಪ್ರತಿ ವರ್ಷ ದಾವೀದನ ಊರಿನ ಬಗ್ಗೆ ಇರುವ ಒಂದು ಹಳೇ ಕ್ಯಾರಲ್‌ನಿಂದ ಆರಂಭ. ಮೊದಲನೇ ಚರಣ ಒಬ್ಬ ಹುಡುಗ ಒಬ್ಬನೇ, ವಾದ್ಯ ಇಲ್ಲದೆ ಹಾಡಬೇಕು. ಎರಡನೇ ಚರಣಕ್ಕೆ ಕ್ವಾಯರ್ ಸೇರ್ತದೆ, ಅದೂ ವಾದ್ಯ ಇಲ್ಲದೆ. ಮೂರನೆಯದಕ್ಕೆ ಆರ್ಗನ್ನೂ ಸಭೆಯೂ. ನಮ್ಮಲ್ಲೂ ಹಾಗೇ. ದೀಪ ಎಲ್ಲ ಆರಿಸಿ, ಮೇಣದ ಬತ್ತಿ ಹಿಡ್ಕೊಂಡು, ಚರ್ಚಿನ ಹಿಂಬಾಗಿಲಲ್ಲಿ ನಿಂತು ಆ ಮೊದಲ ಚರಣವನ್ನ ಕನ್ನಡದಲ್ಲಿ ಹಾಡುವವನು ಹನ್ನೊಂದು ವರ್ಷದಿಂದ ನಾನು. ಆ ಕತ್ತಲೆಯಲ್ಲಿ ಮುನ್ನೂರು ಜನ ಉಸಿರು ಬಿಗಿಹಿಡಿದು ಕೇಳುವ ಆ ಒಂದು ನಿಮಿಷ ಉಂಟಲ್ಲ ಮಾರಾಯ್ರೇ, ಅದರ ರುಚಿ ಹತ್ತಿದವನಿಗೇ ಗೊತ್ತು.

ಮೂರು ವರ್ಷದ ಹಿಂದೆ ನಮ್ಮ ಕ್ವಾಯರಿನ ಒಂದು ಕುಟುಂಬ ಬೇರೊಂದು ಸೋಲೋ ವಿಷಯಕ್ಕೆ ಮುನಿಸಿಕೊಂಡಿತು. ಈಸ್ಟರ್ ಹಾಡು ತಮ್ಮ ಮಗಳಿಗೆ ಸಿಗಲಿಲ್ಲ ಅಂತ. ಮಾತು ಬೆಳೆದು, ಕೊನೆಗೆ ನಾಲ್ಕೂ ಜನ ಬೇರೆ ಚರ್ಚಿಗೆ ಹೋಗಲಾರಂಭಿಸಿದ್ರು. ಎರಡು ಸೊಪ್ರಾನೊ, ಒಂದು ಟೆನರ್, ಒಂದು ಬೇಸ್. ಟೆನರ್ ನನ್ನ ಪಕ್ಕದವರು. ಎಷ್ಟೋ ವರ್ಷ ನಾನು ಉಸಿರು ತಗೊಳ್ಳುವಾಗ ಹಿಡಿದು ನಿಲ್ಲಿಸಿದವರು ಅವರು. ಈಗ ಪೇಟೆಯಲ್ಲಿ ಸಿಕ್ಕಿದ್ರೆ ಮಳೆ, ಬಿಸಿಲು ಅಂತ ಎರಡು ಮಾತಾಡಿ ಬೇರೆ ಬೇರೆ ದಾರಿ ಹಿಡೀತೇವೆ. ಮಾಸ್ಟ್ರು ಆ ವರ್ಷ ಪೂರ್ತಿ ಮಂಕಾಗಿದ್ರು.

ಹೋದ ವರ್ಷ ನವೆಂಬರಿನಲ್ಲಿ ಅವರು ಒಂದು ಹೊಸ ಕ್ರಮ ತಂದ್ರು. ಹೊಸದೇನಲ್ಲ, ಇದೂ ಕಿಂಗ್ಸ್ ಕಾಲೇಜಿನದ್ದೇ. ಅಲ್ಲಿ ಆ ಮೊದಲ ಚರಣವನ್ನ ಹಲವು ಹುಡುಗರು ಕಲಿತಿರ್ತಾರೆ. ಹಾಡುವುದು ಯಾರು ಅಂತ ಕೊನೇ ಕ್ಷಣದವರೆಗೆ ಯಾರಿಗೂ ಹೇಳುವುದಿಲ್ಲ. ರೇಡಿಯೋ ಪ್ರಸಾರ ಶುರುವಾಗುವ ಹೊತ್ತಿಗೆ ಹಾಡಿಸುವವರು ಒಬ್ಬನತ್ತ ಸನ್ನೆ ಮಾಡ್ತಾರೆ, ಅವನು ಹಾಡ್ತಾನೆ. ಮುಂಚೆಯೇ ಹೇಳಿದ್ರೆ ಆ ಮಗುವಿಗೆ ಹೆದರಿಕೆಯಲ್ಲಿ ನಿದ್ದೆ ಬರಲಿಕ್ಕಿಲ್ಲ ಅನ್ನುವುದೂ ಒಂದು ಕಾರಣ. ನಮ್ಮ ಮಾಸ್ಟ್ರ ಕಾರಣ ಬೇರೆ ಇತ್ತು, ಅದನ್ನ ಅವರು ಬಾಯಿ ಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮೂರು ಜನರಿಗೆ ಕಲೀಲಿಕ್ಕೆ ಹೇಳಿದ್ರು. ನಾನು, ನರ್ಸಿಂಗ್ ಓದುವ ಒಬ್ಬಳು ಹುಡುಗಿ, ಪಿಯುಸಿಯ ಒಬ್ಬ ಹುಡುಗ. ಹುಡುಗನ ದನಿ ಒಡೆದು ಆಗಷ್ಟೇ ಒಂದು ಜಾಗಕ್ಕೆ ಬಂದು ಕೂತಿತ್ತು.

ಆ ಐದು ವಾರ ವಿಚಿತ್ರವಾಗಿತ್ತು. ನನಗೆ ಬೇಕಿತ್ತು. ಬಹಳ ಬೇಕಿತ್ತು. ವಯಸ್ಸು ಐವತ್ತರ ಹತ್ತಿರ ಬಂದಿದೆ, ಟೆನರ್ ದನಿಗೆ ಇನ್ನೆಷ್ಟು ಡಿಸೆಂಬರ್ ಉಂಟು ಅಂತ ಯಾರಿಗೆ ಗೊತ್ತು? ಪ್ರಾರ್ಥನೆಯಲ್ಲಿ ಇದನ್ನ ಕೇಳಬಹುದಾ ಅಂತ ಯೋಚಿಸಿದ್ದೂ ಉಂಟು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ 'ನಾನು' ಅನ್ನುವ ಶಬ್ದಕ್ಕೆ ಜಾಗವೇ ಇಲ್ಲ ನೋಡಿ. ತಂದೆ ನಮ್ಮವನು, ಊಟ ನಮ್ಮದು, ತಪ್ಪು ಸಹ ನಮ್ಮದೇ. ಒಬ್ಬನೇ ಕೋಣೆಯ ಬಾಗಿಲು ಹಾಕ್ಕೊಂಡು ಹೇಳಿದ್ರೂ ಬಹುವಚನದಲ್ಲೇ ಹೇಳಬೇಕು. ಅದರಲ್ಲಿ ನನ್ನ ಸೋಲೋವನ್ನ ಎಲ್ಲಿ ತುರುಕುವುದು? ಹಾಗಾಗಿ ಪೌಲನ ಉಪಾಯ ಹಿಡಿದೆ. ಮನೆಯಲ್ಲಿ ಉಣ್ಣುವುದು. ಶನಿವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಆ ಚರಣವನ್ನ ಬೇಕಾದಷ್ಟು ಸಲ, ಬೇಕಾದಷ್ಟು ಜೋರಾಗಿ, ಬೇಕಾದ ಕಡೆಯೆಲ್ಲ ಎಳೆದು ಹಾಡುವುದು. ಪಕ್ಕದ ಮನೆಯ ನಾಯಿ ಒಂದೆರಡು ಸಲ ಆಕ್ಷೇಪಣೆ ಎತ್ತಿತು. ಆಮೇಲೆ ಪ್ರ್ಯಾಕ್ಟೀಸಿಗೆ ಹೋದ್ರೆ ಉಳಿದ ಇಬ್ಬರು ಹಾಡುವಾಗ ಕೂತು ಕೇಳ್ಲಿಕ್ಕೆ ಸಾಧ್ಯವಾಗ್ತಿತ್ತು. ಹುಡುಗಿಯ ದನಿ ತಿಳಿ ನೀರಿನಂಥದ್ದು. ಹುಡುಗ ಮೂರನೇ ಸಾಲಿನಲ್ಲಿ ಉಸಿರು ಸಾಲದೆ ಒದ್ದಾಡ್ತಿದ್ದ.

ಆ ದಿನ ಬಂತು. ಹಿಂಬಾಗಿಲಲ್ಲಿ ಎರಡು ಸಾಲಾಗಿ ನಿಂತೆವು. ದೀಪ ಆರಿತು. ಕೀಬೋರ್ಡಿನ ಹುಡುಗ ಶ್ರುತಿಗೆ ಒಂದು ಸ್ವರ ಕೊಟ್ಟು ಸುಮ್ಮನಾದ. ಮಾಸ್ಟ್ರು ನಮ್ಮ ಮೂವರನ್ನೂ ನೋಡಿ, ಪಿಯುಸಿ ಹುಡುಗನತ್ತ ಕೈ ಮಾಡಿದ್ರು.

ಹೊಟ್ಟೆಯೊಳಗೆ ಏನೋ ದಡ್ ಅಂತ ಕೂತ ಹಾಗಾಯ್ತು. ಅದು ಆಗಲೇ ಇಲ್ಲ ಅಂತ ನಾನು ಹೇಳಲಾರೆ. ಹುಡುಗ ಚೆನ್ನಾಗಿಯೇ ಎತ್ತಿಕೊಂಡ. ಎರಡು ಸಾಲು ಸಲೀಸು. ಮೂರನೆಯದರಲ್ಲಿ ಉಸಿರು ಸಣ್ಣದಾಯ್ತು, ಅದರ ಜೊತೆಗೆ ಶ್ರುತಿ ಮೆಲ್ಲಗೆ ಇಳೀಲಿಕ್ಕೆ ಶುರುವಾಯ್ತು. ಸೋಲೋದಲ್ಲಿ ಇದೇ ಸಂಕಟ, ಕಳ್ಳ ಉಸಿರಿಗೆ ಪಕ್ಕದವನಿಲ್ಲ. ಕೊನೇ ಸಾಲು ಮುಗಿಯುವಾಗ ಅವನು ಹೊರಟ ಜಾಗಕ್ಕಿಂತ ಸರಿಯಾಗಿ ಅರ್ಧ ಸ್ವರ ಕೆಳಗಿದ್ದ. ಕೇಳುವವರಿಗೆ ಇದು ಗೊತ್ತಾಗಿರುವುದಿಲ್ಲ, ಹೋಲಿಸ್ಲಿಕ್ಕೆ ವಾದ್ಯ ಇಲ್ಲವಲ್ಲ. ಆದ್ರೆ ಎರಡನೇ ಚರಣಕ್ಕೆ ನಾವು ಇಪ್ಪತ್ತು ಜನ ಸರಿಯಾದ ಶ್ರುತಿಯಲ್ಲಿ ಸೇರಿಕೊಂಡ್ರೆ ಆ ಕ್ಷಣ ಎಲ್ಲರಿಗೂ ಗೊತ್ತಾಗಿಬಿಡ್ತದೆ, ಹುಡುಗ ಜಾರಿದ್ದ ಅಂತ. ನನ್ನ ಕಿವಿಯಲ್ಲಿ ಸರಿಯಾದ ಸ್ವರ ಗಟ್ಟಿಯಾಗಿ ಕೂತಿತ್ತು. ಹನ್ನೊಂದು ವರ್ಷದ ಸ್ವರ. ಬಾಯಿ ತೆರೆದ್ರೆ ಸಾಕಿತ್ತು.

ನನ್ನ ಮುಂದಿನ ಸಾಲಿನಲ್ಲಿ ಆಲ್ಟೊ ಆಂಟಿ. ಅವರು ತಲೆ ಸ್ವಲ್ಪ ಹುಡುಗನ ಕಡೆ ವಾಲಿಸಿದ್ದು ಮೇಣದ ಬತ್ತಿಯ ಬೆಳಕಿನಲ್ಲಿ ಕಾಣಿಸ್ತು. ಅವನು ಬಿಟ್ಟ ಜಾಗದಿಂದಲೇ, ಆ ಇಳಿದ ಸ್ವರದಿಂದಲೇ ಅವರು ಎತ್ತಿಕೊಂಡ್ರು. ನಾನೂ ಅಲ್ಲಿಗೇ ಇಳಿದೆ. ಬೇಸ್ ಇಳೀತು, ಸೊಪ್ರಾನೊ ಇಳೀತು. ಹನ್ನೊಂದು ವರ್ಷದ ಸರಿ ಸ್ವರ ತಪ್ಪು ಅನ್ನಿಸುವಷ್ಟು ಗಟ್ಟಿಯಾಗಿ ನಾವೆಲ್ಲ ಆ ಕೆಳಗಿನ ಶ್ರುತಿಯಲ್ಲಿ ನಿಂತೆವು. ಮೂರನೇ ಚರಣಕ್ಕೆ ಕೀಬೋರ್ಡ್ ಬರಬೇಕು, ಈಗೇನು ಗತಿ ಅಂತ ಓರೆಗಣ್ಣಿನಲ್ಲಿ ನೋಡಿದೆ. ಕೀಬೋರ್ಡಿನ ಹುಡುಗ ಕತ್ತಲೆಯಲ್ಲೇ ತಡಕಾಡಿ 'ಟ್ರಾನ್ಸ್‌ಪೋಸ್' ಗುಂಡಿ ಒತ್ತಿ ಅರ್ಧ ಸ್ವರ ಇಳಿಸಿಕೊಂಡಿದ್ದ. ಮುನ್ನೂರು ಜನ ಎದ್ದು ನಿಂತು, ಏನೂ ಆಗಿಲ್ಲವೆಂಬಂತೆ ಆ ಶ್ರುತಿಯಲ್ಲೇ ಹಾಡಿದ್ರು. ಅವರ ಮಟ್ಟಿಗೆ ಏನೂ ಆಗಿರಲೂ ಇಲ್ಲ.

ಹುಡುಗನಿಗೆ ಗೊತ್ತಾಗಿತ್ತಾ? ಗೊತ್ತಾಗಿತ್ತು ಅಂತ ನನ್ನ ಅನಿಸಿಕೆ. ಆರಾಧನೆ ಮುಗಿದು ಚಹಾ, ರೋಸ್ ಕುಕ್ಕೀಸ್, ಕಲ್ಕಲ್ ಎಲ್ಲ ಆದ ಮೇಲೆ ಅವನು ಪ್ಯಾಂಟ್ ಮಡಚಿ ಹಿಂದಿನ ನಲ್ಲಿಯ ಹತ್ತಿರ ಲೋಟ ತೊಳೀಲಿಕ್ಕೆ ಕೂತ. ನಾನು ಬಟ್ಟೆ ಹಿಡ್ಕೊಂಡು ಒರೆಸ್ಲಿಕ್ಕೆ ನಿಂತೆ. ಸುಮಾರು ಮೂವತ್ತು ಲೋಟ ಆಗುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು, "ಅಂಕಲ್, ಆ ಮೂರನೇ ಸಾಲಿಗೆ ನೀವು ಉಸಿರು ಎಲ್ಲಿ ತಗೊಳ್ತೀರಿ?" ಅಂತ ಕೇಳಿದ. ಎಲ್ಲಿ ಅಂತ ಹೇಳಿದೆ. ಎರಡನೇ ಸಾಲಿನ ಕೊನೆಯ ಅಕ್ಷರವನ್ನ ಒಂದು ಚೂರು ಬೇಗ ಬಿಡಬೇಕು, ಯಾರಿಗೂ ಗೊತ್ತಾಗುವುದಿಲ್ಲ. ಅವನು ಕೈಯಲ್ಲಿ ಸೋಪು ಲೋಟ ಹಿಡ್ಕೊಂಡೇ ಒಮ್ಮೆ ಮೆಲ್ಲಗೆ ಹಾಡಿ ನೋಡಿದ. ಸರಿಯಾಗಿ ಬಂತು.

ಈ ವರ್ಷದ ಪ್ರ್ಯಾಕ್ಟೀಸಿಗೆ ಮಾಸ್ಟ್ರು ನಾಲ್ಕು ಜನರ ಹೆಸರು ಹೇಳಿದ್ದಾರೆ. ನಾವು ಮೂವರು, ಜೊತೆಗೆ ಈ ಸಲ ಆಲ್ಟೊ ಆಂಟಿ. "ನನ್ನದೇನಿದು ಹೊಸ ಹುಚ್ಚು, ನನಗೆ ಬೇಡ" ಅಂತ ಅವರು ಹೇಳ್ತಾನೇ ಇದ್ದಾರೆ. ಆದ್ರೆ ಹೋದ ಶನಿವಾರ ಅವರ ಮನೆಯ ಮುಂದೆ ಹಾದು ಹೋಗುವಾಗ ಕಿಟಕಿಯಿಂದ ಆ ಚರಣ ಕೇಳಿಸ್ತಿತ್ತು, ಸಾಕಷ್ಟು ಜೋರಾಗಿಯೇ. ನಾನು ಬೆಲ್ ಒತ್ತದೆ ಮುಂದೆ ಹೋದೆ. ಮನೆಗೆ ಹೋಗಿ ನನಗೂ ಹಾಡಲಿಕ್ಕಿತ್ತು.